‘ಎಂಗೈತ್ಲಾ ಸಿನ್ಮಾ?’

2025ರ ಆಗಸ್ಟ್ ತಿಂಗಳ ಮೊದಲ ಭಾನುವಾರ. ಬೆಳಿಗ್ಗೆ ಎಂಟಕ್ಕೆಲ್ಲ ನಾವು ಕ್ಯಾತ್ಸಂದ್ರದ ಇಡ್ಲಿ ಹೋಟೆಲಲ್ಲಿ ಕೂತಿದ್ದೆವು. ನಾನು, ಅಕ್ಕ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗೆಳೆಯ. ಹಿಂದಿನ ರಾತ್ರಿ ಮೂವರೂ ತುಮಕೂರಿನಲ್ಲಿ ‘ಸು ಫ್ರಮ್ ಸೋ’ ನೋಡಿದ್ದೆವು. ಆಟ ಬಿಟ್ಟಾಗ ತಡವಾಗಿತ್ತು, ಮಾತಾಡಲು ಆಗಿರಲಿಲ್ಲ. ನೋಡಿದ ಸಿನಿಮಾ ಬಗ್ಗೆ ಮಾತಾಡದಿದ್ದರೆ ನನಗೆ ಅರ್ಧ ನೋಡಿ ಎದ್ದು ಬಂದ ಹಾಗೆ.

ಅಷ್ಟರಲ್ಲಿ ಸೋದರಮಾವ ಬಂದರು. ಗುಬ್ಬಿ ಹತ್ತಿರದ ಊರಿಂದ ಬೆಳಗಿನ ಬಸ್ಸಿಗೆ ಹೊರಟಿದ್ದರು. ಕೂರುವ ಮೊದಲೇ ಕೇಳಿದರು, “ಎಂಗೈತ್ಲಾ ಸಿನ್ಮಾ?”

ಗೆಳೆಯ ಕಥೆ ಶುರು ಮಾಡಿದ. ಕರಾವಳಿಯ ಒಂದು ಊರು. ಅಲ್ಲೊಬ್ಬ ಅಶೋಕ. ಅವನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುತ್ತದೆ. ಅಶೋಕನ ಪಾತ್ರ ಮಾಡಿದವರೇ ನಿರ್ದೇಶಕ, ಜೆ.ಪಿ. ತುಮಿನಾಡ್. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದಾಗ ನಕ್ಕು ನಕ್ಕು ಕೆಮ್ಮು ಬಂತು ಅಂದ. ನನಗೆ ಇಷ್ಟವಾಗಿದ್ದು ರವಿ ಅಣ್ಣ. ಊರಿನ ಎಲ್ಲರ ಮನೆ ಕಷ್ಟಕ್ಕೂ ಓಡುತ್ತಾನೆ, ತನಗೆ ಅಂತ ಒಂದು ಸಂಸಾರ ಇಲ್ಲ. ಅಂಥವನೊಬ್ಬ ನಮ್ಮೂರಲ್ಲೂ ಇದ್ದ. ಅಕ್ಕನಿಗೆ ಮೊದಲರ್ಧಕ್ಕಿಂತ ಎರಡನೇ ಅರ್ಧವೇ ದೊಡ್ಡದು. “ನಗಿಸ್ತಾ ಕರ್ಕೊಂಡು ಹೋಗಿ ಒಬ್ಬ ಹೆಣ್ಣುಮಗಳ ಕಷ್ಟದ ಮುಂದೆ ನಿಲ್ಲಿಸ್ತಾರಲ್ಲ, ಅದು ಸುಲಭ ಅಲ್ಲ ಕಣೋ” ಅಂದಳು.

ಮಾವ ಎಲ್ಲ ಕೇಳಿಸಿಕೊಂಡರು. “ಅವರ ಮಾತು ನಿಮ್ಗೆ ಪೂರ್ತಿ ತಿಳೀತಾ?”

ಪೂರ್ತಿ ಇಲ್ಲ, ಅಂದೆ. ಒಂದೆರಡು ಪದ ತಪ್ಪಿಹೋದವು. ಆದರೆ ಯಾವ ನಗುವೂ ತಪ್ಪಲಿಲ್ಲ. ಬಾಲ್ಕನಿಯಲ್ಲಿ ನಮ್ಮ ಪಕ್ಕ ಕೂತಿದ್ದ ಹುಡುಗರು ಇಂಟರ್ವಲ್‌ಗೆಲ್ಲ ‘ಎಂತ ಮಾರಾಯ’ ಅಂತ ಮಾತಾಡಲು ಶುರು ಮಾಡಿದ್ದರು.

“ಅವರ ಮಾತು ಅವರು ಆಡಿದ್ರು, ನೀವು ಕೇಳಿದ್ರಿ. ನಮ್ಮ ಮಾತು ಯಾರು ಆಡ್ತಾರೆ?”

ಈ ಪ್ರಶ್ನೆ ನನಗೆ ನಾಟಿತು. ನಮ್ಮ ಕಡೆಯ ‘ಐತೆ’, ‘ಕಣ್ಲಾ’ ಸಿನಿಮಾದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಜಾಸ್ತಿ ಅದು ಸಿಗುವುದು ನಗಿಸಲು ಬರುವವನ ಬಾಯಲ್ಲಿ. ನಾಯಕ ಪ್ರೀತಿ ಹೇಳುವಾಗ, ಅಳುವಾಗ ಪುಸ್ತಕದ ಕನ್ನಡ ಬಂದುಬಿಡುತ್ತದೆ. ಮಂಡ್ಯ ಕಡೆಗೆ ‘ತಿಥಿ’ ಇದೆ, ನಟರೇ ಅಲ್ಲದ ನೊದೆಕೊಪ್ಪಲಿನ ಜನ ತಮ್ಮ ಮಾತಲ್ಲೇ ಆಡಿದ ಸಿನಿಮಾ ಅಂತ ಗೆಳೆಯ ನೆನಪಿಸಿದ. ನಮಗೆ?

ಮಾವನಿಗೆ ಈ ವಿಷಯದಲ್ಲಿ ನಿಜವಾದ ನೋವಿದೆ. ಗುಬ್ಬಿ ವೀರಣ್ಣನವರ ಊರಿನ ಕಡೆಯವರು ಅವರು. 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ನಾಯಕರಾಗಿದ್ದು ಗುಬ್ಬಿ ಕಂಪನಿಯ ನಂಟಿನಿಂದಲೇ. ಅದರಲ್ಲಿದ್ದ ನರಸಿಂಹರಾಜು ನಮ್ಮ ತಿಪಟೂರಿನವರು. “ಕನ್ನಡ ಸಿನ್ಮಾಗೆ ಜನಾನ ಕೊಟ್ಟಿದ್ದು ನಮ್ ಜಿಲ್ಲೆ. ಕಥೆ ಮಾತ್ರ ಇಲ್ಲಿಂದ ಹೋಗ್ಲಿಲ್ಲ” ಅಂದರು.

“ಮಾವ, ಕಥೆ ಎಲ್ಲಿದೆ ಇಲ್ಲಿ?” ಗೆಳೆಯ ಕೇಳಿದ. “ಅವರಿಗೆ ಸಮುದ್ರ ಇದೆ, ದೈವ ಇದೆ. ನಮ್ಗೆ ತೆಂಗು, ಬೋರ್‌ವೆಲ್.”

ಎರಡನೇ ಇಡ್ಲಿ ಬಂತು. ಮೇಲಿದ್ದ ಬೆಣ್ಣೆ ಕರಗುತ್ತಿತ್ತು. ಮಾವ ಅದನ್ನು ಮುಟ್ಟದೆ ಪಾವಗಡದ ಕಡೆಯ ತಮ್ಮ ಬೀಗರೊಬ್ಬರ ವಿಷಯ ತೆಗೆದರು.

ಅಲ್ಲಿ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್‌ನದು. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ವರ್ಷಕ್ಕೆ ಇಷ್ಟು ಅಂತ ದುಡ್ಡು ಖಾತೆಗೆ ಬರುತ್ತದೆ. ಮಳೆ ಕೈಕೊಟ್ಟು ಕೊಟ್ಟು ಸೋತಿದ್ದ ಆ ಬೀಗರೂ ತಮ್ಮ ಹೊಲ ಕೊಟ್ಟರು. ಅದು ತಪ್ಪು ಅಂತ ಮಾವ ಹೇಳಲಿಲ್ಲ. ಸಾಲ ತೀರಿತು, ಮಗಳ ಮದುವೆ ಆಯಿತು. ಆದರೆ ಬೀಗರು ಈಗಲೂ ಬೆಳಗಾಗುವ ಮೊದಲೇ ಏಳುತ್ತಾರಂತೆ. ಟವಲ್ ಹೆಗಲಿಗೆ ಹಾಕಿಕೊಂಡು ಬೇಲಿ ತನಕ ನಡೆದು ಹೋಗಿ ನಿಲ್ಲುತ್ತಾರೆ. ಒಳಗೆ ಅವರ ಹೊಲ ಯಾವುದು ಅಂತ ಗುರುತೇ ಸಿಗುವುದಿಲ್ಲ. ಕಣ್ಣು ಹೋದಷ್ಟು ದೂರ ನೀಲಿ ಪ್ಯಾನೆಲ್.

ನಾವು ಯಾರೂ ಮಾತಾಡಲಿಲ್ಲ. ನನ್ನ ಕಣ್ಣಿಗೆ ಆ ಟವಲ್, ಆ ಬೇಲಿ, ಪ್ಯಾನೆಲ್ ಮೇಲೆ ಬೀಳುವ ಮೊದಲ ಬಿಸಿಲು ಎಲ್ಲ ಕಾಣುತ್ತಿತ್ತು. ಹಿಂದಿನ ರಾತ್ರಿ ಪರದೆ ಮೇಲೆ ನೋಡಿದ್ದಕ್ಕಿಂತ ಚೂರೂ ಕಡಿಮೆ ಇರಲಿಲ್ಲ ಅದು.

“ಅಲ್ಲಿ ನಿಂತು ಏನಂತಾರೆ ಮಾವ?” ಅಕ್ಕ ಮೆಲ್ಲಗೆ ಕೇಳಿದಳು.

“ಏನೂ ಅನ್ನಲ್ಲ ಕಣವ್ವ. ಒಂದ್ಸಲ ನಾನೂ ಜೊತೆಗೋಗಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಬಗ್ಗಿ ಬೇಲಿ ಪಕ್ಕದ ಮಣ್ಣು ಒಂದು ಹಿಡಿ ತಗೊಂಡ, ಹಿಂಡಿ ನೋಡ್ದ. ‘ಒಳ್ಳೆ ಅದ ಐತೆ ಕಣ್ಲಾ, ಕಡ್ಲೆಕಾಯಿ ಬಿತ್ಬೋದಿತ್ತು’ ಅಂದ. ಕೈ ಒರೆಸ್ಕೊಂಡು ಮನೆ ಕಡೆ ಒಂಟ.”