ಚಾವಣಿಗೊಂದು ತೂತು

3 ಮೇ 2025, ಶನಿವಾರ, ರಾತ್ರಿ 11.20

ಊರು ಸುತ್ತೋಕೆ ಅಂತ ತಗೊಂಡ ನಮ್ಮ ವ್ಯಾನಿನೊಳಗೆ ಕೂತು ಬರೆಯುತ್ತಿದ್ದೇನೆ. ಮನೆ ಇಪ್ಪತ್ತು ಹೆಜ್ಜೆ ದೂರದಲ್ಲಿದೆ. ಹಾಸಿಗೆ ಇದೆ, ಫ್ಯಾನ್ ಇದೆ, ಕರೆಂಟಿಲ್ಲ. ಎಂಟೂವರೆಗೆ ಭರಣಿ ಮಳೆ ಶುರುವಾಯಿತು, ಒಂಬತ್ತಕ್ಕೆ ಕರೆಂಟು ಹೋಯಿತು. ಯುಪಿಎಸ್ ಇರುವ ಮೂರ್ನಾಲ್ಕು ಮನೆ ಬಿಟ್ಟರೆ ವಿಜಯನಗರದ ನಮ್ಮ ಬೀದಿ ಪೂರ್ತಿ ಕತ್ತಲು. ವ್ಯಾನಿನಲ್ಲಿ ಮಾತ್ರ ಜಗಮಗ. ಹಿಗ್ಗಬೇಕಿತ್ತು. ನಾನು ಟಾರ್ಚ್ ಹಿಡಿದು ಚಾವಣಿ ನೋಡುತ್ತಾ ಕೂತಿದ್ದೇನೆ, ಎಲ್ಲಿ ಸೋರುತ್ತೋ ಅಂತ.

ಹೌದು, ಕೊನೆಗೂ ಇವತ್ತು ವ್ಯಾನಿಗೆ ಸೋಲಾರ್ ಹಾಕಿಸಿದೆವು. ಸಂಕ್ರಾಂತಿಯಿಂದ ಹೇಳುತ್ತಲೇ ಇದ್ದೇನೆ, ನಿಮಗೂ ಕೇಳಿ ಸಾಕಾಗಿರಬೇಕು. ಎರಡು ಪ್ಯಾನಲ್, ತಲಾ 165 ವ್ಯಾಟ್, ತಲಾ ಹನ್ನೊಂದು ಕೆ.ಜಿ. ಮನೆ ಮೇಲೆ ಹಾಕುವ 540 ವ್ಯಾಟಿನದ್ದೇ ಒಂದು ಹಾಕಿದ್ರೆ ಅಗ್ಗ ಅಂತ ಇವರು ವಾರವೆಲ್ಲ ಲೆಕ್ಕ ಹಾಕಿದ್ದರು. ಅದು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ನಮ್ಮ ಚಾವಣಿಯ ನಟ್ಟನಡುವೆ ಗಾಳಿಕಿಂಡಿ ಇದೆ. ಲೆಕ್ಕ ಅಲ್ಲಿಗೇ ಮುಗಿಯಿತು. ಹಳೇ ಕ್ಯಾರಿಯರ್‌ಗೆ ಅಲ್ಯೂಮಿನಿಯಂ ಚಾನೆಲ್ ಬಿಗಿದು, ಅದರ ಮೇಲೆ ಪ್ಯಾನಲ್ ಕೂರಿಸಿದರು. ಕೆಳಗೆ ಗಾಳಿ ಆಡೋಕೆ ಮೂರು ಇಂಚು ಜಾಗ. ಪ್ಯಾನಲ್ ಕಾದಷ್ಟೂ ಕರೆಂಟು ಕಮ್ಮಿ ಬರುತ್ತಂತೆ. ಬಿಸಿಲು ಬೇಕು, ಬಿಸಿ ಆಗಬಾರದು. ಇದೆಂಥ ಮಡಿಯಪ್ಪಾ ಅಂದುಕೊಂಡೆ.

ಇಷ್ಟಕ್ಕೆಲ್ಲ ನನ್ನ ತಕರಾರಿರಲಿಲ್ಲ. ಬನ್ನಿಮಂಟಪದ ಆ ಶೆಡ್ಡಿನ ಹುಡುಗ ಡ್ರಿಲ್ ಎತ್ತಿಕೊಂಡು ಏಣಿ ಹತ್ತಿದಾಗ ಎದೆ ಧಸಕ್ ಅಂತು.

"ತೂತು ಯಾಕಪ್ಪಾ?"

"ವೈರ್ ಒಳಗೆ ಬರಬೇಕಲ್ಲ ಅಕ್ಕ."

"ಹಿಂದಿನ ಬಾಗಿಲ ಸಂದಿಯಿಂದ ತಗೊಂಡ್ರೆ?"

"ದಿನಾ ಬಾಗಿಲು ಹಾಕಿ ತೆಗೆದು ಮಾಡ್ತೀರ. ಆರು ತಿಂಗಳಲ್ಲಿ ವೈರ್ ಮೇಲಿನ ರಬ್ಬರ್ ಕಿತ್ತು ಗಾಡಿಯ ತಗಡಿಗೆ ತಾಗುತ್ತೆ. ಶಾರ್ಟ್ ಆಗಲಿ ಅಂತಾನಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಅರ್ಧ ಗಂಟೆ ವಾದ ಮಾಡಿದೆ. ಬಾಗಿಲು ಮುರುಕಲು, ಸೀಟು ಹರುಕಲು, ಆದರೆ ಈ ಗಾಡಿಯ ಚಾವಣಿಯಲ್ಲಿ ತೊಟ್ಟು ತುಕ್ಕಿಲ್ಲ. ಅದನ್ನು ನೋಡಿಯೇ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಅಂಥ ಚಾವಣಿಗೆ ದುಡ್ಡು ಕೊಟ್ಟು ತೂತು ಹೊಡೆಸೋದು ಅಂದರೆ? ಕೊನೆಗೆ ಹುಡುಗ ನನ್ನ ಮುಖ ನೋಡೋದು ಬಿಟ್ಟು ಇವರ ಮುಖ ನೋಡಿದ. ಇವರು ತಲೆ ಆಡಿಸಿದರು. ಒಂದು ರೂಪಾಯಿ ನಾಣ್ಯದಷ್ಟು ತೂತು. ಅಂಚಿಗೆ ಅರ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ವೈರನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಕೂರಿಸಿ, ಸುತ್ತ ಕಪ್ಪು ಸೀಲೆಂಟ್ ಮೆತ್ತಿದ. ಆಮೇಲೆ ಹೇಳುತ್ತಾನೆ, "ಇಪ್ಪತ್ನಾಲ್ಕು ಗಂಟೆ ನೀರು ಬೀಳದಂಗೆ ನೋಡ್ಕೊಳಿ ಅಕ್ಕ. ಮೇಲೆ ಪದರ ಕಟ್ಟಿರುತ್ತೆ, ಒಳಗೆ ಹಸಿ ಇರುತ್ತೆ." ಮೇ ತಿಂಗಳಲ್ಲಿ, ಮೈಸೂರಿನಲ್ಲಿ!

ಅಪ್ಪನೂ ಜೊತೆಗಿದ್ದರು. ಚೆಕಪ್‌ಗೆ ಅಂತ ನಿನ್ನೆ ಮಳವಳ್ಳಿ ಬಸ್ಸಿನಲ್ಲಿ ಬಂದವರು, ಇವತ್ತು ಸುಮ್ನೆ ನೋಡ್ತೀನಿ ಅಂತ ಹೊರಟರು. ಗೊತ್ತಲ್ಲ, ಶಿವನಸಮುದ್ರದ ಕರೆಂಟು ತಯಾರಿಸುವ ಬ್ಲಫ್‌ನಲ್ಲಿ ಕೆಲಸಕ್ಕೆ ಸೇರಿ, ಕೆಇಬಿ ಲೈನ್‌ಮ್ಯಾನ್ ಆಗಿ ಕಂಬ ಹತ್ತುತ್ತಲೇ ರಿಟೈರ್ ಆದವರು. ಶಿವನಸಮುದ್ರದಿಂದ ಕೋಲಾರದ ಗಣಿಗೆ 1902ರಲ್ಲೇ ಕರೆಂಟು ಹೋಯಿತು, ಪಕ್ಕದಲ್ಲೇ ಇದ್ದ ನಮ್ಮೂರಿಗೆ ಬಂದಿದ್ದು ತಮ್ಮ ಮದುವೆ ಆದ ಮೇಲೆ ಅಂತ ಸಿಕ್ಕವರಿಗೆಲ್ಲ ಹೇಳುವ ಮನುಷ್ಯ. ಶೆಡ್ಡಿನಲ್ಲಿ ಮಾತ್ರ ಒಂದು ಗಂಟೆ ತುಟಿ ಬಿಚ್ಚಲಿಲ್ಲ. ಹುಡುಗ ಪ್ಯಾನಲ್ ವೈರಿನ ತುದಿ ಹಿಡಿದುಕೊಂಡಾಗ ಸ್ಟೂಲಿಂದ ಎದ್ದರು.

"ಇದ್ರ ಮೇನ್ ಎಲ್ಲೈತಪ್ಪ?"

"ಮೇನ್ ಇಲ್ಲ ತಾತ."

"ಆಫ್ ಮಾಡ್ದಲೆ ಮುಟ್ತಾ ಇದ್ದೀಯಲ್ಲ ಮಗ!"

"ಇದಕ್ಕೆ ಸೂರ್ಯನೇ ಮೇನು. ಬಿಸಿಲು ಬಿದ್ದಷ್ಟು ಹೊತ್ತೂ ಲೈನ್ ಇದ್ದೇ ಇರುತ್ತೆ. ಒಂದು ಪ್ಯಾನಲ್‌ಗೆ ಬರೀ 22 ವೋಲ್ಟ್ ತಾತ, ಏನೂ ಆಗಲ್ಲ."

"ಏನೂ ಆಗಲ್ಲ ಅಂದೋರ್ನೆಲ್ಲ ನೋಡಿವ್ನಿ. ಎಲ್ಸಿ ಇಲ್ದಲೆ ಕೈ ಇಕ್ಬಾರ್ದು."

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿದ್ದೀವಿ ಅಂತ ಖಾತ್ರಿ ಕೊಟ್ಟ ಮೇಲೇ ಕಂಬ ಹತ್ತಬೇಕು. ಚಿಕ್ಕಂದಿನಲ್ಲಿ ನಾನು 'ಅಮ್ಮ' ಅನ್ನೋದಕ್ಕಿಂತ ಮೊದಲು ಕೇಳಿದ ಪದ ಅದೇ ಇರಬೇಕು. ಹುಡುಗನಿಗೆ ನಗು. ಅಪ್ಪ ನಗಲಿಲ್ಲ. ಪ್ಯಾನಲ್ ಬಂದಿದ್ದ ರಟ್ಟಿನ ಪೆಟ್ಟಿಗೆ ಎಳೆದು, "ಇದ ಹೊದಿಸು" ಅಂದರು. ಹುಡುಗ ಹೊದಿಸಿದ. ಮೀಟರ್ ಹಿಡಿದು ನೋಡಿದರೆ ಹೆಚ್ಚುಕಮ್ಮಿ ಏನೂ ಇಲ್ಲ. "ಈಗ ಮುಟ್ಟು" ಅಂದರು. ಹುಡುಗ ಮೊದಲು ಬ್ಯಾಟರಿ ಕನೆಕ್ಷನ್ ಕೊಟ್ಟ, ಆಮೇಲೆ ಪ್ಯಾನಲ್ಲಿನದ್ದು. ಅದಕ್ಕೂ ಅಪ್ಪ ಅಡ್ಡ ಬಂದರು, "ಮೊದ್ಲು ಲೈನಲ್ವೇನಪ್ಪ?" ಅಂತ. ಬ್ಯಾಟರಿ ಎಷ್ಟು ವೋಲ್ಟಿಂದು ಅಂತ, ಅದಕ್ಕೆ ಪ್ಯಾನಲ್ಲಿನ ಕರೆಂಟನ್ನು ಅಳೆದು ಬಿಡುವ ಕಂಟ್ರೋಲರ್‌ಗೆ ಮೊದಲು ಗೊತ್ತಾಗಬೇಕು ತಾತ, ಇಲ್ಲದಿದ್ದರೆ ಅದೇ ಸುಟ್ಟುಹೋಗಬಹುದು ಅಂದ. ಅಪ್ಪ ಸ್ವಲ್ಪ ಯೋಚನೆ ಮಾಡಿ "ಸರಿ ಬುಡು" ಅಂದರು. ನಾನು ಹುಟ್ಟಿದಾಗಿನಿಂದ ಅವರು ಯಾರ ಮಾತಿಗೂ ಇಷ್ಟು ಬೇಗ ಸರಿ ಅಂದದ್ದು ನೋಡಿಲ್ಲ.

ರಟ್ಟು ತೆಗೆದಾಗ 238 ವ್ಯಾಟ್ ತೋರಿಸಿತು. ಬರೆದಿರೋದು 330 ಅಲ್ವಾ ಅಂತ ಇವರು ಕೇಳಿದರು. ಕಾದ ಚಾವಣಿ ಮೇಲೆ ಇದೇ ಜಾಸ್ತಿ ಅಂದ ಹುಡುಗ. ಮನೆ ಮೇಲೆ ಹಾಕೋ ಥರ ವಾಲಿಸಬೇಡವಾ ಅಂತಲೂ ಕೇಳಿದರು. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಮೈಸೂರಿನ ನೆತ್ತಿ ಮೇಲೇ ಇರ್ತಾನೆ, ಮಲಗಿಸಿಟ್ರೆ ಏನೂ ದೊಡ್ಡ ನಷ್ಟ ಇಲ್ಲ ಅಂದ. ಈ ಹುಡುಗ ಎಷ್ಟು ಓದಿದ್ದಾನೋ ಕೇಳಲಿಲ್ಲ.

ಟೀ ಕುಡಿಯುವಾಗ ಅಪ್ಪ ತಾವಾಗಿಯೇ ಬಾಯಿ ಬಿಟ್ಟರು. "ನಮ್ ಜೊತೆ ಒಬ್ಬ ಇದ್ದ ಕಣವ್ವ. ಎಲ್ಸಿ ತಗೊಂಡೇ ಹತ್ತಿದ್ದ." ಅಷ್ಟೇ. ಬನ್ನನ್ನು ಟೀಯಲ್ಲಿ ಅದ್ದಿ ತಿಂದರು. ಯಾರು, ಯಾವೂರು, ಯಾವ ವರ್ಷ, ಒಂದೂ ಇಲ್ಲ. ನನಗೆ ನಲವತ್ತನಾಲ್ಕು ವರ್ಷ. ಈ ಮಾತು ಇವತ್ತೇ ಮೊದಲು ಕೇಳಿದ್ದು. ಅಮ್ಮನಿಗೆ ಗೊತ್ತಿತ್ತೇನೋ. ಕೇಳೋಣ ಅಂದರೆ ಅಮ್ಮ ಹೋಗಿ ಎರಡು ವರ್ಷ.

ಅಂದ ಹಾಗೆ ಮಿಕ್ಸಿ ಓಡುತ್ತೆ! 750 ವ್ಯಾಟಿನ ಮಿಕ್ಸಿಯಲ್ಲಿ ಮೂರು ನಿಮಿಷ ಚಟ್ನಿ ತಿರುಗಿಸಿದರೆ 40 ವ್ಯಾಟ್ ಅವರ್ ಕೂಡ ಆಗಲ್ಲ. ಬ್ಯಾಟರಿ ಹಿಡಿಯೋದು 1280. ಇಂಡಕ್ಷನ್ ಒಲೆ ಆಸೆ ಬಿಟ್ಟಿದ್ದೇವೆ, ಅದು ಒಂದು ಗಂಟೆಯಲ್ಲಿ ಎಲ್ಲ ನೆಕ್ಕಿಬಿಡುತ್ತೆ. ಸೌದೆ ಒಲೆ, ಇಲ್ಲಾ ಸಣ್ಣ ಸಿಲಿಂಡರ್.

ಫ್ರಿಜ್ ನಿಜಕ್ಕೂ ಯಾಕೆ ಅಂತ ಅಪ್ಪನಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಅವರೇನು ಇದನ್ನು ಓದಲ್ಲ. ಮೂವತ್ತು ಲೀಟರಿನ 12 ವೋಲ್ಟ್ ಫ್ರಿಜ್. ಹಾಲು ಮೊಸರಿಗೆ ಅಂತ ಅವರಿಗೆ ಹೇಳಿದ್ದು. ಎಲ್ಲಿಗೆ ಕರೆದರೂ ಅವರದ್ದು ಒಂದೇ ರಾಗ, "ಸೂಜಿ ಔಸ್ದಿ ಕೆಟ್ಟೋಯ್ತದೆ, ನೀವ್ ಓಗ್ಬನ್ನಿ." ಇನ್ಸುಲಿನ್ ಸ್ಟಾಕು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ನಿಜ. ಅದೊಂದೇ ಕಾರಣವಾಗಿದ್ದರೆ ಈಗ ಆ ಕಾರಣ ಇಲ್ಲ. ಬೇರೆ ಇದ್ದರೆ? ಅದಕ್ಕೇ ಬಾಯಿ ಬಿಟ್ಟಿಲ್ಲ.

ಹತ್ತು ಗಂಟೆಗೆ ಛತ್ರಿ ಹಿಡಿದು ಇಲ್ಲಿಗೆ ಬಂದರು. ಪಂಚೆಯ ತುದಿ ಒದ್ದೆ.

"ಸೋರ್ತಾ ಐತಾ?"

"ಇನ್ನೂ ಇಲ್ಲಪ್ಪ."

ಗ್ಲ್ಯಾಂಡ್ ಸುತ್ತ ಬೆರಳಾಡಿಸಿ, ಬೆರಳನ್ನು ದೀಪಕ್ಕೆ ಹಿಡಿದು ನೋಡಿದರು. ಒಣಗಿತ್ತು. "ಒಂದ್ ತೂತ್ಗೆ ನಿದ್ದೆ ಕೆಡ್ತಾ ಕುಂತಿದ್ದೀಯಲ್ಲ" ಅಂದರು. ತಾವೂ ಕೂತರು. ಯಾವ ಊರಿಗೆ ಹೋಗೋದು ಅಂತ ಕೇಳಿದರು. ಇನ್ನೂ ಗೊತ್ತಿಲ್ಲ ಅಂದೆ. "ಗೊತ್ತಿಲ್ದಿರೋ ಊರ್ಗೆ ಇಷ್ಟು ಕರ್ಚು" ಅಂತ ಗೊಣಗಿ, ಫ್ರಿಜ್ ಮುಚ್ಚಳ ತೆಗೆದು ಇಣುಕಿದರು. ಒಳಗೆ ಎರಡು ಪ್ಯಾಕೆಟ್ ನಂದಿನಿ ಹಾಲು. ಹೊರಗಿನ ಅಂಕಿ 4.

"ರಾತ್ರಿಯೆಲ್ಲ ಇಷ್ಟೇ ಇರ್ತದಾ?"

"ಇರುತ್ತೆ."

"ಬೆಳಗ್ಗೆ ನೋಡ್ಬುಟ್ಟು ಯೋಳು."

ಹೋಗಿ ಮಲಗಿದರು. ಹಾಲಿಗೇ ಕೇಳಿದರಾ?

ಮಳೆ ನಿಂತ ಹಾಗಿದೆ. ಮೇಲೆ ಟಪ್ ಟಪ್ ಅಂದಾಗ ಜೀವ ಬಾಯಿಗೆ ಬಂತು. ಹೊಂಗೆ ಮರದ ಹನಿ, ಗಾಜಿನ ಮೇಲೆ. ಅಲ್ಲ, ಈ ಹೊಂಗೆ ಮರದ ಬಗ್ಗೆ ನಾವು ಯಾರೂ ಯೋಚನೆಯೇ ಮಾಡಿಲ್ಲ. ನೆರಳಲ್ಲಿ ನಿಲ್ಲಿಸಿದರೆ ಪ್ಯಾನಲ್ ಸುಮ್ಮನಿರುತ್ತೆ, ಬಿಸಿಲಲ್ಲಿ ನಿಲ್ಲಿಸಿದರೆ ನಾವು ಒಳಗೆ ಬೇಯುತ್ತೇವೆ. ಒಂದು ಕೊಂಬೆಯ ನೆರಳು ಬಿದ್ದರೂ ಸಾಕಂತೆ, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಥರ, ಒಂದು ಕಡೆ ಮಂಕಾದರೆ ಪೂರ್ತಿ ಸಾಲು ಮಂಕು. ಅದಕ್ಕೇ ಎರಡನ್ನೂ ಪ್ಯಾರಲಲ್ ಮಾಡಿಸಿದ್ದು, ಒಂದು ಸತ್ತರೂ ಇನ್ನೊಂದು ದುಡಿಯಲಿ ಅಂತ. ಆದರೆ ಇಲ್ಲಿ ಬೆಳಗ್ಗೆ ಹತ್ತರವರೆಗೆ ಎರಡರ ಮೇಲೂ ನೆರಳೇ.

ಬ್ಯಾಟರಿ ಶೇಕಡ 88 ಇದೆ. ಫ್ರಿಜ್ ಈಗಲೂ 4. ನಾಳೆ ಬೇಗ ಎದ್ದು ವ್ಯಾನನ್ನು ಎದುರಿನ ಖಾಲಿ ಸೈಟಿನ ಹತ್ತಿರ ನಿಲ್ಲಿಸಬೇಕು. ಆದರೆ ಅಪ್ಪ ಐದಕ್ಕೇ ಏಳುತ್ತಾರೆ, ಫ್ರಿಜ್ ನೋಡೋಕೆ ಅಂತ ಅವರೇ ಬಂದು, ಇಲ್ಲಿ ವ್ಯಾನ್ ಇಲ್ಲದಿದ್ದರೆ