ಬಾಗಿದ ಗ್ರಿಡ್ ಮತ್ತು 51 ಮಿಲಿಮೀಟರ್

ಬೆಂಗಳೂರಿನ ಹೊರವಲಯದ ಶಾಲೆಯೊಂದಕ್ಕೆ ಗ್ರಂಥಾಲಯದ ಕಟ್ಟಡವನ್ನು ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ಮಾಡೆಲ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಟ್ಟಡವು ಅಂಗಳವೊಂದನ್ನು ಬಳಸಿಕೊಂಡು ಬಿಲ್ಲಿನಂತೆ ಬಾಗಿತ್ತು. ಅಂಗಳದೊಳಗಿನ ಒಂದು ಬಿಂದುವೇ ಕೇಂದ್ರ, ಅಲ್ಲಿಂದ ಹೊರಮೈಗೆ 24 ಮೀಟರ್ ತ್ರಿಜ್ಯ, 7.5 ಡಿಗ್ರಿಗೊಂದರಂತೆ ಹನ್ನೊಂದು ಗ್ರಿಡ್ ರೇಖೆಗಳು (ಅಳತೆಗೆ ಆಧಾರವಾಗುವ ಗೆರೆಗಳು), ಅವುಗಳ ನಡುವೆ ಹತ್ತು ಅಂಕಣಗಳು. ಹೊರಮೈಯಲ್ಲಿ ಕಂಬಗಳ ಮುಂದೆ ಹಾಯುವ ಗಾಜಿನ ಚೌಕಟ್ಟುಗಳು ಪ್ರತಿ ಗ್ರಿಡ್ ರೇಖೆಯ ಮೇಲೆ ಒಂದಕ್ಕೊಂದು ಕೂಡಬೇಕಿತ್ತು.

ನಾನು ಒಂದೇ ಒಂದು ಬಾಗಿದ ಗ್ರಿಡ್ ಎಳೆದು, ಸ್ಲ್ಯಾಬಿನ ಅಂಚನ್ನೂ ಗಾಜಿನ ಗೋಡೆಯನ್ನೂ ಅದಕ್ಕೇ ಹೊಂದಿಸಿ ಲಾಕ್ ಮಾಡಿದ್ದೆ. ಪ್ಲ್ಯಾನಿನಲ್ಲಿ ಎರಡೂ ಒಂದೇ ಗೆರೆಯ ಮೇಲೆ ಕುಳಿತಂತೆ ಕಾಣುತ್ತಿತ್ತು. ಕೆಲವು ವಾರಗಳ ಬಳಿಕ ಚೌಕಟ್ಟು ತಯಾರಿಸುವವರ ಶಾಪ್ ಡ್ರಾಯಿಂಗ್ (ತಯಾರಿಕೆಯ ವಿವರ ನಕ್ಷೆ) ಬಂದಾಗ, ಪ್ರತಿ ಅಂಕಣದ ನಟ್ಟನಡುವೆ ಸ್ಲ್ಯಾಬಿನ ಅಂಚು ಗಾಜಿನಿಂದ 51 ಮಿಲಿಮೀಟರ್ ಹೊರಗೆ ಚಾಚಿರುವುದನ್ನು ಅವರು ಕೆಂಪು ಶಾಯಿಯಲ್ಲಿ ಗುರುತಿಸಿದ್ದರು. ಮಳೆಗಾಲದಲ್ಲಿ ನೀರು ನಿಂತು ಒಳಗೆ ಜಿನುಗುವುದಕ್ಕೆ ಅಷ್ಟು ಅಗಲದ ಕಟ್ಟೆ ಧಾರಾಳವಾಗಿ ಸಾಕು. ಆ ಹೊತ್ತಿಗೆ ಅಡಿಪಾಯವಷ್ಟೇ ಮುಗಿದಿದ್ದು, ಸ್ಲ್ಯಾಬಿಗೆ ಶಟರಿಂಗ್ ಇನ್ನೂ ಶುರುವಾಗದೆ ಇದ್ದುದರಿಂದ ತಿದ್ದಿಕೊಳ್ಳಲು ಅವಕಾಶ ಉಳಿದಿತ್ತು.

ತಪ್ಪು ಎಲ್ಲಿತ್ತೆಂಬುದನ್ನು ಲೆಕ್ಕವೇ ಹೇಳುತ್ತದೆ. ಸ್ಲ್ಯಾಬಿನ ಅಂಚು ಕಂಸವಾಗಿ, ಅಂದರೆ ವೃತ್ತದ ತುಂಡಾಗಿ ಬಾಗಿತ್ತು; ಗಾಜುಗಳು ಚಪ್ಪಟೆಯಾದ್ದರಿಂದ ಗ್ರಿಡ್‌ನಿಂದ ಗ್ರಿಡ್‌ಗೆ ನೇರವಾಗಿ ಹಾಯುತ್ತಿದ್ದವು. 24 ಮೀಟರ್ ತ್ರಿಜ್ಯದಲ್ಲಿ 7.5 ಡಿಗ್ರಿಯ ಕಂಸದ ಉದ್ದ 3.142 ಮೀಟರ್, ಅದೇ ಎರಡು ತುದಿಗಳನ್ನು ನೇರವಾಗಿ ಸೇರಿಸುವ ಜ್ಯಾದ ಉದ್ದ 3.139 ಮೀಟರ್. ಉದ್ದದಲ್ಲಿ ಎರಡು-ಮೂರು ಮಿಲಿಮೀಟರಿನಷ್ಟೇ ಅಂತರವಿರುವುದರಿಂದ ಎರಡೂ ಒಂದೇ ಎಂದು ಮನಸ್ಸು ಸುಲಭವಾಗಿ ಒಪ್ಪಿಬಿಡುತ್ತದೆ. ಆದರೆ ನಡುವಿನಲ್ಲಿ ಕಂಸವು ಜ್ಯಾದಿಂದ ಎಷ್ಟು ಉಬ್ಬಿದೆ ಎಂದು ನೋಡಿದರೆ ಉತ್ತರ 51 ಮಿಲಿಮೀಟರ್. ಜ್ಯಾದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಈ ಉಬ್ಬು ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತದೆ. ಬಾಗಿದ ಮೈಗೆ ಚಪ್ಪಟೆ ವಸ್ತು ಜೋಡಿಸುವವರೆಲ್ಲರೂ ಈ ಸೂತ್ರವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಳ್ಳಬೇಕೆಂದು ನನಗನ್ನಿಸುತ್ತದೆ. 1:100 ಅಳತೆಯ ಹಾಳೆಯಲ್ಲಿ ಇದು ಅರ್ಧ ಮಿಲಿಮೀಟರ್, ಅಂದರೆ ಒಂದು ದಪ್ಪ ಗೆರೆಯ ಅಗಲ. ಹಾಗಾಗಿ ಪರಿಶೀಲನೆಗೆ ಕುಳಿತ ನಮ್ಮಲ್ಲಿ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ರೆವಿಟ್‌ನಲ್ಲಿ ಬಾಗಿದ ಕರ್ಟನ್ ವಾಲ್ (ಚೌಕಟ್ಟಿಗೆ ಕೂರಿಸಿದ ಗಾಜಿನ ಹೊರಗೋಡೆ) ಎಳೆದವರಿಗೆ ಇದರ ಸುಳಿವು ಮೊದಲೇ ಸಿಕ್ಕಿರುತ್ತದೆ. ಅಡ್ಡಗಲಕ್ಕೆ ಭಾಗ ಮಾಡದಿದ್ದರೆ ಇಡೀ ಗೋಡೆ ತುದಿಯಿಂದ ತುದಿಗೆ ಒಂದೇ ಚಪ್ಪಟೆ ಹಲಗೆಯಾಗಿ ನಿಲ್ಲುತ್ತದೆ. ಲಂಬ ಗ್ರಿಡ್‌ಗಳನ್ನು ಸೇರಿಸುತ್ತ ಹೋದಂತೆ ಅದು ತುಂಡುತುಂಡಾಗಿ ಕಂಸವನ್ನು ಅನುಸರಿಸುತ್ತದೆ. ತುಂಡುಗಳು ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತವೆ. ಇದನ್ನು ಪ್ರತಿದಿನ ನೋಡುತ್ತಿದ್ದರೂ, ನನ್ನ ಆಧಾರ ರೇಖೆ ಕಂಸವೋ ಜ್ಯಾವೋ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಕಟ್ಟಡದ ಒಟ್ಟು ಆಕಾರವನ್ನು ಮೊದಲು ರೂಪಿಸುವ ಕಾನ್ಸೆಪ್ಚುವಲ್ ಮಾಸ್‌ನಲ್ಲಿ ಪಥವೊಂದನ್ನು ಭಾಗ ಮಾಡುವಾಗ, ಅಳತೆಯನ್ನು ಜ್ಯಾದ ಉದ್ದಕ್ಕೆ ಹಿಡಿಯಬೇಕೋ ರೇಖೆಯ ಮೇಲಿನ ಉದ್ದಕ್ಕೆ ಹಿಡಿಯಬೇಕೋ ಎಂಬ ಆಯ್ಕೆ ಇರುತ್ತದೆ. ಸಾಮಾನ್ಯ ಪ್ರಾಜೆಕ್ಟಿನಲ್ಲಿ ಆ ನಿರ್ಧಾರವನ್ನು ನಾವೇ ನೆನಪಿಟ್ಟು ಮಾಡಬೇಕು.

ತಿದ್ದುವಾಗ ಮಾಡಿದ್ದು ಇಷ್ಟು. ಮೂಲ ಕಂಸವನ್ನು ಹಾಗೆಯೇ ಉಳಿಸಿಕೊಂಡು, ಅದು ಗ್ರಿಡ್ ರೇಖೆಗಳನ್ನು ಕತ್ತರಿಸುವ ಬಿಂದುಗಳನ್ನು ಸೇರಿಸುವ ಹತ್ತು ನೇರ ರೆಫರೆನ್ಸ್ ಪ್ಲೇನ್‌ಗಳನ್ನು (ಮಾಡೆಲ್‌ಗೆ ಆಧಾರವಾಗುವ ಸಮತಲಗಳನ್ನು) ಎಳೆದು, ಒಂದೊಂದಕ್ಕೂ ಅಂಕಣದ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ಗಾಜು ಮತ್ತು ಸ್ಲ್ಯಾಬಿನ ಹೊರ ಅಂಚು ಈ ಪ್ಲೇನ್‌ಗಳಿಗೆ ಬಂದವು, ಒಳಗಿನ 21.6 ಮೀಟರ್ ತ್ರಿಜ್ಯದ ಗಾರೆಯ ಗೋಡೆಯನ್ನು ಬಾಗಿಸಿಯೇ ಕಟ್ಟಬಹುದಾದ್ದರಿಂದ ಅದು ಕಂಸದಲ್ಲೇ ಉಳಿಯಿತು. ಸ್ಲ್ಯಾಬಿನ ಅಂಚು ನೇರವಾದದ್ದರಿಂದ ಶಟರಿಂಗ್ ಬಡಗಿಗಳ ಕೆಲಸವೂ ಹಗುರವಾಯಿತು.

ರೆಫರೆನ್ಸ್ ಪ್ಲೇನ್ ಯಾವಾಗಲೂ ಸಪಾಟಾಗಿಯೇ ಇರುತ್ತದೆ, ಅದನ್ನು ಬಾಗಿಸಲು ಬರುವುದಿಲ್ಲ. ಬಾಗಿದ ಆಧಾರ ಬೇಕಾದ ಫ್ಯಾಮಿಲಿಗಳಲ್ಲಿ (ಬಾಗಿಲು, ಕಿಟಕಿಯಂಥ ಮತ್ತೆ ಮತ್ತೆ ಬಳಸುವ ಘಟಕಗಳಲ್ಲಿ) ರೆಫರೆನ್ಸ್ ಲೈನನ್ನು ಕಂಸವಾಗಿ ಎಳೆಯಬೇಕಾಗುತ್ತದೆ. ಅಲ್ಲಿ ಹೊಸಬರು ಎಡವುವುದು ಕಂಸದ ಕೇಂದ್ರದ ವಿಷಯದಲ್ಲಿ. ಕಂಸಕ್ಕೆ ತ್ರಿಜ್ಯದ ಪ್ಯಾರಾಮೀಟರ್ ಕೊಟ್ಟು ಕೇಂದ್ರವನ್ನು ಕಟ್ಟದೆ ಬಿಟ್ಟರೆ, ತ್ರಿಜ್ಯ ಬದಲಿಸಿದ ಕೂಡಲೇ ಕಂಸವು ಊಹಿಸದ ಕಡೆಗೆ ಸರಿಯಬಹುದು. ಪ್ರಾಪರ್ಟೀಸ್‌ನಲ್ಲಿ ಕೇಂದ್ರದ ಗುರುತು ಕಾಣಿಸುವಂತೆ ಮಾಡಿ, ಆ ಗುರುತನ್ನು ಒಂದಕ್ಕೊಂದು ಲಂಬವಾದ ಎರಡು ರೆಫರೆನ್ಸ್ ಪ್ಲೇನ್‌ಗಳಿಗೆ ಅಲೈನ್ ಮಾಡಿ ಲಾಕ್ ಮಾಡಿದ ಮೇಲೆಯೇ ನಾನು ಮುಂದಿನ ಗೆರೆ ಎಳೆಯುತ್ತೇನೆ. ಕೋನ ಬದಲಾಗಬೇಕಾದಲ್ಲಿ ಕೇಂದ್ರದಿಂದ ಹೊರಡುವ ನೇರ ರೆಫರೆನ್ಸ್ ಲೈನಿಗೆ ಕೋನದ ಪ್ಯಾರಾಮೀಟರ್ ಕೊಡುವುದು ಹೆಚ್ಚು ಭದ್ರ.

ಕಂಸವನ್ನೇ ಹಿಡಿಯಬೇಕು, ದೀರ್ಘವೃತ್ತವನ್ನೋ ಬಾಗು ಬದಲಾಗುತ್ತ ಹೋಗುವ ಸ್ಪ್ಲೈನ್ ಗೆರೆಯನ್ನೋ ಆದಷ್ಟು ದೂರವಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ವೃತ್ತಕ್ಕೆ ಸಮಾನ ಅಂತರದಲ್ಲಿ ಇನ್ನೊಂದು ಗೆರೆ ಎಳೆದರೆ ಅದೂ ವೃತ್ತವೇ ಆಗುತ್ತದೆ. ದೀರ್ಘವೃತ್ತಕ್ಕೆ ಹಾಗೆ ಎಳೆದ ಗೆರೆ ದೀರ್ಘವೃತ್ತವಾಗುವುದಿಲ್ಲ. ಗೋಡೆಗೆ ದಪ್ಪವಿರುವ ತನಕ ಈ ವ್ಯತ್ಯಾಸ ನಮ್ಮನ್ನು ಬಿಡದು. ಸಿಡ್ನಿ ಒಪೆರಾ ಹೌಸ್ ಇದಕ್ಕೆ ದೊಡ್ಡ ಸಾಕ್ಷಿ. 1957ರ ಸ್ಪರ್ಧೆಯಲ್ಲಿ ಯಾರ್ನ್ ಉಟ್ಸನ್ ಗೆದ್ದಾಗ ಅದರ ಚಿಪ್ಪುಗಳಿಗೆ ಖಚಿತವಾದ ಜ್ಯಾಮಿತಿ ಇರಲಿಲ್ಲ; ಓವ್ ಅರೂಪ್ ಸಂಸ್ಥೆಯ ಎಂಜಿನಿಯರುಗಳು ಪರವಲಯ, ದೀರ್ಘವೃತ್ತ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದರು. 1961ರಲ್ಲಿ ಎಲ್ಲ ಚಿಪ್ಪುಗಳನ್ನೂ 75.2 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿ ತೆಗೆಯಬಹುದೆಂಬ ಪರಿಹಾರ ದೊರೆತ ಮೇಲೆ, ಪಕ್ಕೆಲುಬುಗಳ ತುಂಡುಗಳನ್ನು ಅವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಎರಕ ಹೊಯ್ಯುವುದು ಸಾಧ್ಯವಾಯಿತು.

ನಮ್ಮ ಗ್ರಂಥಾಲಯದ ಸೆಟ್ಟಿಂಗ್ ಔಟ್ ಹಾಳೆಯಲ್ಲಿ (ನೆಲದ ಮೇಲೆ ಅಳತೆ ಗುರುತಿಸಲು ಕೊಡುವ ನಕ್ಷೆಯಲ್ಲಿ) ಕೇಂದ್ರದ ನಿರ್ದೇಶಾಂಕ, ತ್ರಿಜ್ಯ ಯಾವ ಮೈಗೆ ಸೇರಿದ್ದು ಎಂಬ ಒಂದು ಸಾಲು, ಕೋನ, ಮತ್ತು ಪ್ರತಿ ಅಂಕಣದ ಜ್ಯಾದ ಉದ್ದ, ಇವಿಷ್ಟನ್ನು ಬರೆದು ಕೊಟ್ಟೆವು. ಸರ್ವೇಯರ್ ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ಹಿಡಿದು ಬಿಂದುಗಳನ್ನು ಗುರುತಿಸಿದ ನಂತರ, ಮೇಸ್ತ್ರಿ ತನ್ನ ಟೇಪಿನಿಂದ ಒಂದೊಂದು ಅಂಕಣವನ್ನೂ ಅಳೆದು 3139 ಬಂತೆಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಹೋದರು. ಕೇಂದ್ರದ ಗೂಟಕ್ಕೆ ಸುತ್ತಲೂ ಕಾಂಕ್ರೀಟ್ ಹಾಕಿಸಿ, ಅಂಗಳಕ್ಕೆ ಕಲ್ಲು ಹಾಸುವ ದಿನದವರೆಗೂ ಕಾಯ್ದುಕೊಂಡೆವು.