ಹಳೇಬೀಡಿನ ಗೋಡೆಗೆ ಓರೆಬಿಸಿಲು

ಏನು ತೆಗೆಯಬೇಕೆಂದು ತೋಚದೆ ಕ್ಯಾಮೆರಾ ಬೀರುವಿನಲ್ಲೇ ಉಳಿದಿದ್ದರೆ ಹೊಸ ಊರು ಹುಡುಕುವುದು ಬೇಡ. ಒಂದೇ ಗೋಡೆಯ ಮುಂದೆ ಅರ್ಧ ದಿನ ನಿಲ್ಲಿ. ಅದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಶ್ಚಿಮದ ಹೊರಗೋಡೆಯಂಥ ಜಾಗ ಇನ್ನೊಂದಿಲ್ಲ.

ಸಂಜೆಯ ಹೊಂಬಿಸಿಲಿಗೆ ಕಾಯಿರಿ ಎನ್ನುವುದು ಎಲ್ಲರೂ ಹೇಳುವ ಪಾಠ. ಈ ಗೋಡೆಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಐದು ಗಂಟೆ ದಾಟಿದರೆ ಸೂರ್ಯ ಹೆಚ್ಚುಕಡಿಮೆ ಎದುರಿಗೇ ಬರುತ್ತಾನೆ. ಬಣ್ಣವೇನೋ ಚೆನ್ನ, ಆದರೆ ನೆರಳೆಲ್ಲ ಶಿಲ್ಪದ ಹಿಂದೆ ಅಡಗಿ ಕೆತ್ತನೆ ಚಪ್ಪಟೆಯಾಗುತ್ತದೆ. ಆಳ ತೋರಿಸುವುದು ಮೂಗು, ಒಡವೆ, ಬೆರಳುಗಳ ಅಂಚಿನ ನೆರಳು. ಅದಕ್ಕೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗಬೇಕು. ಇಲ್ಲಿ ಸೂರ್ಯ ನೆತ್ತಿ ದಾಟಿ ಪಶ್ಚಿಮಕ್ಕೆ ವಾಲುವುದು 12:30ರ ಆಸುಪಾಸಿನಲ್ಲಿ. ಮೊದಲು ಸೂರಿನ ನೆರಳು ಅಡ್ಡ ಬರುತ್ತದೆ. 1:30ರಿಂದ 3ರವರೆಗೆ ಬಿಸಿಲು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಆಗ ತೆಗೆಯಿರಿ.

ಗೋಡೆ ನೇರವಾಗಿಲ್ಲ, ಮೂಲೆಮೂಲೆಯಾಗಿ ಮುರಿದುಕೊಂಡು ಸಾಗುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಶಿಲ್ಪಗಳಿಗೂ ಒಳ್ಳೆಯ ಬೆಳಕು ಬೇರೆಬೇರೆ ಹೊತ್ತಿಗೆ ಬರುತ್ತದೆ. ನೆರಳಿನಲ್ಲಿ ಮಂಕಾಗಿದ್ದ ಮುಖ ಕಾಲು ಗಂಟೆಯಲ್ಲಿ ಎದ್ದು ಕೂರುತ್ತದೆ. ಹೊಸ ಚಿತ್ರ ಹೊಳೆಯುವುದು ಈ ಬದಲಾವಣೆಯನ್ನು ನೋಡುತ್ತಾ ಕೂತಾಗಲೇ, ಬೇರೆಯವರ ಇನ್‌ಸ್ಟಾಗ್ರಾಂ ಜಾಲಾಡುವಾಗಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿನ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ಚಳಿಗಾಲವಿಡೀ ಬಿಸಿಲು ಕಾಣದ ಉತ್ತರಮುಖದ ಶಿಲ್ಪಗಳಿಗೆ ಆಗ ಸರದಿ. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳೇ ವಾಸಿ.

ಬಳಪದ ಕಲ್ಲು ಕಡುಬೂದು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಅದನ್ನು ಬೆಳ್ಳಗೆ ಮಾಡಲು ನೋಡುತ್ತದೆ, ಬಿಸಿಲು ಬಿದ್ದ ಭುಜ, ಕಿರೀಟಗಳು ವಿವರ ಕಳೆದುಕೊಂಡು ಬರೀ ಬಿಳಿಯಾಗುತ್ತವೆ. ಚಿತ್ರದ ಬೆಳಕು ತಗ್ಗಿಸಲು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 2/3 ಇಡಿ, ಸಾಲದಿದ್ದರೆ ಮೈನಸ್ 1. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8, ಬೆಳಕಿನ ಸಂವೇದನೆ ಐಎಸ್‌ಒ 100 ಸಾಕು. 24 ಎಂಎಂನ ವೈಡ್ (ಅಗಲ ನೋಟದ) ಲೆನ್ಸ್ ಹಿಡಿದು ಹತ್ತಿರ ನಿಂತು ಮೇಲಕ್ಕೆ ವಾಲಿಸಿದರೆ ದೇವತೆಗಳ ಕಾಲು ದೊಡ್ಡದಾಗಿ ತಲೆ ಕುಗ್ಗುತ್ತದೆ. ಜಗತಿಯ, ಅಂದರೆ ದೇವಾಲಯ ನಿಂತಿರುವ ಕಟ್ಟೆಯ, ಅಂಚಿನವರೆಗೆ ಹಿಂದೆ ಸರಿದು 70ರಿಂದ 100 ಎಂಎಂ ಬಳಸಿ. ಕೈಲಾಸವೆತ್ತುವ ರಾವಣನಂಥ ಕಿಕ್ಕಿರಿದ ಫಲಕವನ್ನು ಇಡಿಯಾಗಿ ಹಿಡಿಯುವ ಹಟ ಬೇಡ, ಒಂದು ಮೂಲೆ ಸಾಕು.

ಮೊಬೈಲಿನವರು ಬೆಳಕು-ನೆರಳಿನ ಅಂತರ ತಗ್ಗಿಸುವ ಎಚ್‌ಡಿಆರ್ ಸೌಲಭ್ಯವನ್ನು ಆಫ್ ಮಾಡಿ. ಅದು ನೆರಳನ್ನೆಲ್ಲ ಎತ್ತಿ ಬೆಳಗಿಸಿ, ಶಿಲ್ಪಿ ಆಳಕ್ಕೆ ಕೊರೆದದ್ದನ್ನೇ ತುಂಬಿಬಿಡುತ್ತದೆ. ವೈಡ್ ಬಿಟ್ಟು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಆರಿಸಿ, ಅತಿ ಬೆಳಕಿರುವ ಜಾಗವನ್ನು ಬೆರಳಿನಿಂದ ಒತ್ತಿ ಬೆಳಕು ತಗ್ಗಿಸಿ.

ಮೋಡದ ದಿನ ನೆರಳಿರದು, ಆದರೆ ಆನೆ, ಕುದುರೆ ಸಾಲುಗಳ ದಾಖಲೆಗೆ ಆ ಸಮಬೆಳಕೇ ಒಳ್ಳೆಯದು. ಟ್ರೈಪಾಡ್ ಬೇಕಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಹೊರಗೋಡೆಗೆ ಹಗಲಿನಲ್ಲಿ ಅದರ ಅಗತ್ಯವೂ ಇಲ್ಲ.